ಅಂಕಿ ಗುಣಮುಖ, ಅಜ್ಜ ಯಥಾಸ್ಥಿತಿ

ಅಮೆರಿಕದಲ್ಲಿ 78 ಮಂದಿ ಅಲ್‌ಝೈಮರ್ ರೋಗಿಗಳನ್ನು ಮೂರು ಗುಂಪು ಮಾಡಿ 16 ವಾರ ಗುಳಿಗೆ ನುಂಗಿಸಿದರು. ಒಂದು ಗುಂಪಿಗೆ ವಿಟಮಿನ್ ಇ, ವಿಟಮಿನ್ ಸಿ, ಆಲ್ಫಾ ಲಿಪೋಯಿಕ್ ಆಮ್ಲ ಸೇರಿದ ಆಂಟಿ ಆಕ್ಸಿಡೆಂಟುಗಳ ಭರ್ಜರಿ ಸಮಾರಾಧನೆ. ಇನ್ನೊಂದಕ್ಕೆ ಕೋಎಂಜೈಮ್ ಕ್ಯೂ. ಮೂರನೆಯದಕ್ಕೆ ಒಳಗೇನೂ ಇಲ್ಲದ ಹುಸಿ ಗುಳಿಗೆ. ಶುರುವಿನಲ್ಲೊಮ್ಮೆ, ಮುಗಿದ ಮೇಲೊಮ್ಮೆ ಬೆನ್ನಿಗೆ ಸೂಜಿ ಹಾಕಿ, ಮಿದುಳು ಮತ್ತು ಬೆನ್ನುಹುರಿಯ ಸುತ್ತ ತುಂಬಿರುವ ದ್ರವವನ್ನು ತೆಗೆದು, ಅದರಲ್ಲಿ ಎಫ್2-ಐಸೋಪ್ರೋಸ್ಟೇನ್ ಎಷ್ಟಿದೆ ಎಂದು ಅಳೆದರು. ಮಿದುಳಿನ ಕೊಬ್ಬು ಆಮ್ಲಜನಕದ ಹೊಡೆತಕ್ಕೆ ಸಿಕ್ಕಿ ಕೆಟ್ಟಾಗ ಹುಟ್ಟುವ ವಸ್ತು ಅದು. ಹೆಚ್ಚಿದ್ದಷ್ಟೂ ಹಾನಿ ಹೆಚ್ಚು ಎಂದು ಲೆಕ್ಕ. ಸಮಾರಾಧನೆಯ ಗುಂಪಿನಲ್ಲಿ ಅದು ಸರಾಸರಿ ಶೇ. 19ರಷ್ಟು ಇಳಿಯಿತು.

ಚಪ್ಪಾಳೆ ತಟ್ಟುವ ಮುಂಚೆ ಪಕ್ಕದ ಕಾಲಂ ಓದಬೇಕು. ನೆನಪಿನ ಶಕ್ತಿ ಅಳೆಯಲು 30 ಅಂಕಗಳ ಒಂದು ಪರೀಕ್ಷೆ ಇದೆ. ಇವತ್ತು ಯಾವ ವಾರ, ಇದು ಯಾವ ಊರು, ಆಗ ಹೇಳಿದ ಮೂರು ಪದ ಈಗ ಹೇಳಿ, ನೂರರಿಂದ ಏಳೇಳು ಕಳೆಯುತ್ತ ಬನ್ನಿ. (ಇದನ್ನು ಓದುತ್ತಿರುವವರು ಸುಮ್ಮನೆ ಒಮ್ಮೆ ಕಳೆದು ನೋಡಿ, 79ರ ಹತ್ತಿರ ಬೆವರು ಒರೆಸಿಕೊಳ್ಳಲು ಅಡ್ಡಿಯಿಲ್ಲ.) ಬೆನ್ನಿನ ನೀರಿನ ಅಂಕಿ ಇಳಿದ ಆ ಗುಂಪಿನವರೇ ಈ ಪರೀಕ್ಷೆಯಲ್ಲಿ ಹುಸಿ ಗುಳಿಗೆಯವರಿಗಿಂತ ಜೋರಾಗಿ ಜಾರಿದ್ದರು. ಅಂದರೆ ಮಿದುಳು ಕೆಡುತ್ತಿರುವುದಕ್ಕೆ ಸಾಕ್ಷಿ ಕಮ್ಮಿಯಾಗಿತ್ತು, ಕೆಡುವುದು ಜಾಸ್ತಿಯಾಗಿತ್ತು.

‘ಆಪರೇಷನ್ ಸಕ್ಸಸ್, ಪೇಷಂಟ್ ಢಮಾರ್’ ಎಂಬ ಜೋಕನ್ನು ನಮ್ಮ ನಾಟಕ ಕಂಪನಿಗಳು ಸವೆಸಿ ಬಿಸಾಕಿದ್ದವು. 2012ರಲ್ಲಿ ಅದು ನಕ್ಷೆ, ಕೋಷ್ಟಕಗಳ ಸಮೇತ ವೈದ್ಯಕೀಯ ನಿಯತಕಾಲಿಕೆಯಲ್ಲಿ ಅಚ್ಚಾಯಿತು. ಪ್ರಬಂಧ ಬರೆದವರು ಮರ್ಯಾದಸ್ಥರು. ಅಂಕಿ ಇಳಿದಿದ್ದನ್ನೂ ಹೇಳಿದರು, ರೋಗಿ ಜಾರಿದ್ದನ್ನೂ ಹೇಳಿದರು, ಇನ್ನು ಮುಂದೆ ಇಂಥ ಪ್ರಯೋಗ ಮಾಡುವವರು ಹುಷಾರಾಗಿರಿ ಅಂತಲೂ ಹೇಳಿದರು. ಗುಳಿಗೆಯ ಡಬ್ಬಿಯ ಮೇಲೆ ಮಾತ್ರ ಇಷ್ಟುದ್ದ ಬರೆಯಲು ಜಾಗ ಇರುವುದಿಲ್ಲ. ಡಬ್ಬಿಯ ಮೇಲೆ ಹಿಡಿಸುವುದು ಮೊದಲ ವಾಕ್ಯ ಮಾತ್ರ.

ಈ ಅಂಕಿಗೆ ಇಷ್ಟು ಗತ್ತು ಬಂದದ್ದಾದರೂ ಹೇಗೆ? ಶೆಲ್ ತೈಲ ಕಂಪನಿಯಲ್ಲಿ ರಸಾಯನಶಾಸ್ತ್ರಜ್ಞನಾಗಿದ್ದು, ಆಮೇಲೆ ಡಾಕ್ಟರಿಕೆ ಓದಿದ ಡೆನ್‌ಹ್ಯಾಂ ಹಾರ್ಮನ್ ಎಂಬವರು 1956ರಲ್ಲಿ ಒಂದು ಸಿದ್ಧಾಂತ ಮಂಡಿಸಿದರು. ನಾವು ಮುದುಕರಾಗುವುದು ಫ್ರೀ ರ‍್ಯಾಡಿಕಲ್‌ಗಳ ದೆಸೆಯಿಂದ. ಉಸಿರಾಡಿದ ಆಮ್ಲಜನಕ ಜೀವಕೋಶದೊಳಗೆ ಉರಿಯುವಾಗ ಒಂದಷ್ಟು ಪುಂಡ ಕಣಗಳು ಹುಟ್ಟುತ್ತವೆ, ಅವು ಸಿಕ್ಕಿದ್ದಕ್ಕೆಲ್ಲ ಕೈ ಹಾಕಿ ಕೊಬ್ಬು, ಪ್ರೋಟೀನು, ಡಿಎನ್‌ಎ ಮೂರನ್ನೂ ಕೆಡಿಸುತ್ತವೆ. ಕೇಳಿದರೆ ಯಾರಿಗೂ ನಿಜ ಅನ್ನಿಸುವಂತಿದೆ. ಮಿದುಳಿನ ವಿಷಯದಲ್ಲಂತೂ ಇನ್ನೂ ನಿಜ ಅನ್ನಿಸುತ್ತದೆ. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಈ ಅಂಗ ದೇಹಕ್ಕೆ ಬಂದ ಆಮ್ಲಜನಕದಲ್ಲಿ ಸುಮಾರು ಶೇ. 20ನ್ನು ತಾನೇ ಬಳಸುತ್ತದೆ. ನೀರನ್ನು ಬಿಟ್ಟರೆ ಒಳಗೆ ಇರುವುದು ಬಹುಪಾಲು ಕೊಬ್ಬು. ಹೀಗಿರುವಾಗ ಪರಿಹಾರ ಹೇಳಲು ಪಂಡಿತರೇ ಬೇಕಿಲ್ಲ. ಮನೆಯ ಕಬ್ಬಿಣದ ಗೇಟು ತುಕ್ಕು ಹಿಡಿದರೆ ರೆಡ್ ಆಕ್ಸೈಡ್ ಬಳಿಯುತ್ತೇವಲ್ಲ, ಮಿದುಳಿಗೂ ಒಂದು ಕೋಟ್ ಹೊಡೆಯಿರಿ. ಎಪ್ಪತ್ತು ವರ್ಷದಿಂದ ಹೊಡೆಯುತ್ತಲೇ ಇದ್ದಾರೆ.

ತೊಂದರೆ ಏನೆಂದರೆ, ಗೇಟು ಗೇಟಾಗಿ ಸುಮ್ಮನೆ ನಿಂತಿರುತ್ತದೆ, ದೇಹ ನಿಂತಿರುವುದಿಲ್ಲ. ನಮ್ಮ ಬಿಳಿ ರಕ್ತಕಣಗಳು ಇದೇ ಪುಂಡ ಕಣಗಳನ್ನು ಬೇಕಂತಲೇ ತಯಾರಿಸಿ ಬ್ಯಾಕ್ಟೀರಿಯಾಗಳ ಮೇಲೆ ಸುರಿಯುತ್ತವೆ. ಬೆಳಗಿನ ವ್ಯಾಯಾಮದಿಂದ ಸ್ನಾಯುಗಳು ಹುರಿಗೊಳ್ಳುವುದಕ್ಕೂ ಅವೇ ಸುದ್ದಿ ಮುಟ್ಟಿಸಬೇಕು. 2009ರಲ್ಲಿ ಜರ್ಮನಿಯಲ್ಲಿ ಕಸರತ್ತು ಮಾಡುವ ಹುಡುಗರಿಗೆ ವಿಟಮಿನ್ ಸಿ, ಇ ಕೊಟ್ಟು ನೋಡಿದಾಗ, ಕಸರತ್ತಿನಿಂದ ಇನ್ಸುಲಿನ್ ವ್ಯವಸ್ಥೆಗೆ ಸಿಗಬೇಕಿದ್ದ ಲಾಭವೇ ಗುಳಿಗೆ ನುಂಗಿದವರಿಗೆ ಸಿಗಲಿಲ್ಲ. ಪಾರ್ಕಿನಲ್ಲಿ ಆರು ಸುತ್ತು ಹಾಕಿ, ಬೆಂಚಿನ ಮೇಲೆ ಕೂತು ಆಂಟಿ ಆಕ್ಸಿಡೆಂಟ್ ನುಂಗುವ ಹಿರಿಯರು ಇದನ್ನು ಓದದಿದ್ದರೇ ಒಳ್ಳೆಯದು. ಅವರು ನಿಲ್ಲಿಸುವುದು ಗುಳಿಗೆಯನ್ನಲ್ಲ, ನಡಿಗೆಯನ್ನು.

ಇನ್ನು ಆ ಬೆನ್ನಿನ ನೀರು. 1891ರಲ್ಲಿ ಜರ್ಮನಿಯ ಹೈನ್ರಿಶ್ ಕ್ವಿಂಕೆ ತೋರಿಸಿಕೊಟ್ಟ ವಿಧಾನವೇ ಇವತ್ತಿಗೂ ನಡೆಯುತ್ತಿದೆ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲು ಹೊಟ್ಟೆಗೆ, ಗದ್ದ ಎದೆಗೆ ಮಡಚಿಸುತ್ತಾರೆ. ಸೊಂಟದ ಮೂಳೆಯ ಮಟ್ಟದಲ್ಲಿ ಬೆನ್ನೆಲುಬಿನ ಸಂದು ಹುಡುಕಿ, ಅಯೋಡಿನ್ ಬಳಿದು, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಉದ್ದನೆಯ ಸಪೂರ ಸೂಜಿ ತೂರಿಸುತ್ತಾರೆ. ‘ಅಲ್ಲಾಡ್ಬೇಡಿ ಅಜ್ಜಾರೆ, ಆಯ್ತು, ಆಯ್ತು’ ಎಂದು ಕಿರಿಯ ಡಾಕ್ಟರು ಹೇಳುತ್ತಿರುತ್ತಾರೆ, ಆಗಿರುವುದಿಲ್ಲ. ಒಳಗಿನ ಪದರ ದಾಟಿದಾಗ ಸಣ್ಣದೊಂದು ‘ಪುಟ್’ ಕೈಗೆ ಗೊತ್ತಾಗುತ್ತದೆ. ಸೂಜಿಯೊಳಗಿನ ಕಡ್ಡಿ ಎಳೆದರೆ ದ್ರವ ಹನಿ ಹನಿ ಬೀಳುತ್ತದೆ, ಕುಡಿಯುವ ನೀರಿಗಿಂತ ತಿಳಿ.

ಬಾಗಿಲಾಚೆ ಬೇರೆಯೇ ವಿಚಾರಣೆ ನಡೆದಿರುತ್ತದೆ. ‘ಬೆನ್ನಲ್ಲಿ ನೀರು ತೆಗೆದ್ರೆ ಕಾಲು ಬಿದ್ದೋಗುತ್ತಂತಲ್ಲ ಡಾಕ್ಟ್ರೇ?’

‘ಯಾರಮ್ಮ ಹೇಳಿದ್ದು?’

‘ಪಕ್ಕದ ಬೆಡ್ಡಿನೋರು.’

ಪಕ್ಕದ ಬೆಡ್ಡಿನವರಿಗೆ ಯಾವ ಪ್ರಾಧ್ಯಾಪಕರೂ ಸಾಟಿಯಲ್ಲ. ಅಸಲಿಗೆ ಬೆನ್ನುಹುರಿ ಸೂಜಿ ಹಾಕುವ ಜಾಗಕ್ಕಿಂತ ಮೇಲೆಯೇ ಮುಗಿದಿರುತ್ತದೆ, ಸೂಜಿ ಅದಕ್ಕೆ ತಾಕುವುದಿಲ್ಲ. ದೇಹದಲ್ಲಿ ಈ ದ್ರವ ಇರುವುದು ಸುಮಾರು 150 ಮಿಲಿಲೀಟರಾದರೂ ದಿನಕ್ಕೆ 500ರಷ್ಟು ಹೊಸದಾಗಿ ತಯಾರಾಗುತ್ತದೆ, ತೆಗೆದದ್ದು ಗಂಟೆಯೊಳಗೆ ತುಂಬಿಕೊಳ್ಳುತ್ತದೆ. ಕೆಲವರಿಗೆ ಕೆಲವು ದಿನ ತಲೆನೋವು. ಇಷ್ಟನ್ನೂ ಹೇಳಿ ಒಪ್ಪಿಸಿ ಸಹಿ ಹಾಕಿಸಿಕೊಳ್ಳುವ ಹೊತ್ತಿಗೆ ಡಾಕ್ಟರ ಒಳಗೇ ಒಂದಷ್ಟು ಫ್ರೀ ರ‍್ಯಾಡಿಕಲ್ ಹುಟ್ಟಿರುತ್ತವೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಪರೀಕ್ಷೆಯನ್ನೇ ಗೇಲಿ ಮಾಡಿದಿರಿ ಎನ್ನಬಾರದು. ಈ ನೀರು ಜೀವ ಉಳಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕ್ಷಯದ ಮಿದುಳು ಪೊರೆಯುರಿಯೂತ ಎಂದು ಬರುವವರ ಹಣೆಬರಹ ಇದರಲ್ಲೇ ಓದಬೇಕು. ಸಕ್ಕರೆ ಇಳಿದಿದೆಯೇ, ಪ್ರೋಟೀನು ಏರಿದೆಯೇ, ಬಿಳಿಕಣ ಎಷ್ಟು? ಕೊಳವೆಯನ್ನು ಅಲ್ಲಾಡಿಸದೆ ಇಟ್ಟರೆ ಕೆಲವೊಮ್ಮೆ ಒಳಗೆ ಜೇಡರ ಬಲೆಯ ಹೆಪ್ಪು ಕಟ್ಟುತ್ತದೆ. ಅನುಭವಸ್ಥರಿಗೆ ಅಷ್ಟೇ ಸಾಕು, ಔಷಧ ಶುರು. ಅಲ್‌ಝೈಮರ್‌ನಲ್ಲೂ ಈ ದ್ರವದ ಅಮಿಲಾಯ್ಡ್, ಟೌ ಪ್ರೋಟೀನುಗಳ ಲೆಕ್ಕ ರೋಗ ಗುರುತಿಸಲು ನಿಜಕ್ಕೂ ಕೆಲಸಕ್ಕೆ ಬರುತ್ತದೆ. 2022ರಲ್ಲಿ ಅಂಥದ್ದೊಂದು ಪರೀಕ್ಷೆಗೆ ಅಮೆರಿಕದ ಔಷಧ ಇಲಾಖೆಯ ಮೊಹರೂ ಬಿತ್ತು. ಈ ರೋಗ ಗುರುತಿಸಲು 2018ರಲ್ಲಿ ಅಮೆರಿಕದಲ್ಲಿ ರೂಪಿಸಿದ ಸಂಶೋಧನಾ ಚೌಕಟ್ಟಿನಲ್ಲಿ ಅಮಿಲಾಯ್ಡ್, ಟೌ, ನರನಾಶ ಎಂದು ಮೂರು ಖಾನೆ ಇಟ್ಟರು. ಆಕ್ಸಿಡೇಟಿವ್ ಸ್ಟ್ರೆಸ್‌ಗೆ, ಅಂದರೆ ನಮ್ಮ ಆಮ್ಲಜನಕದ ಹೊಡೆತಕ್ಕೆ, ನಾಲ್ಕನೇ ಖಾನೆ ಕೊಡಲಿಲ್ಲ. ಅಷ್ಟು ವರ್ಷ ಅಷ್ಟು ಪ್ರಬಂಧ ಬರೆದವರಿಗೆ ಒಂದು ಮೂಲೆಯಲ್ಲಾದರೂ ಸೀಟು ಕೊಡಬಹುದಿತ್ತು.

ಕೊಡದೇ ಇರಲು ಕಾರಣವಿದೆ. ಈ ಸೂಚಕಗಳು ಅಳೆಯುವವರ ಕೈಯಲ್ಲೇ ಹುಟ್ಟಿಕೊಳ್ಳುತ್ತವೆ. ಡಿಎನ್‌ಎ ಎಷ್ಟು ಕೆಟ್ಟಿದೆ ಎಂದು ತೋರಿಸಲು 8-ಹೈಡ್ರಾಕ್ಸಿ ಡಿಆಕ್ಸಿ ಗ್ವಾನೊಸೀನ್ ಎಂಬ ಸೂಚಕ ಇದೆ. (ಉಸಿರು ಬಿಡದೆ ಹೇಳಿದವರಿಗೆ ನೆನಪಿನ ಪರೀಕ್ಷೆಯಿಂದ ವಿನಾಯಿತಿ.) ಮನುಷ್ಯನ ಕೋಶದಲ್ಲಿ ಅದು ಸಹಜವಾಗಿ ಎಷ್ಟಿರುತ್ತದೆ ಎಂಬ ಸರಳ ಪ್ರಶ್ನೆಗೆ ಬೇರೆ ಬೇರೆ ಲ್ಯಾಬುಗಳು ಕೊಟ್ಟ ಉತ್ತರಗಳ ನಡುವೆ ನೂರಾರು ಪಟ್ಟು ಅಂತರ. ಕೊನೆಗೆ 1997ರಲ್ಲಿ ಯುರೋಪಿನವರು ಜಗಳ ಬಿಡಿಸಲು ಒಂದು ಸಮಿತಿಯನ್ನೇ ಕಟ್ಟಬೇಕಾಯಿತು. ಸಮಿತಿ ಒಂದೇ ಮಾದರಿಯನ್ನು ಹತ್ತಾರು ಲ್ಯಾಬಿಗೆ ಕಳಿಸಿ ತಿಣುಕಾಡಿ ಕಂಡುಕೊಂಡದ್ದು: ಡಿಎನ್‌ಎಯನ್ನು ಕೋಶದಿಂದ ಹೊರತೆಗೆಯುವಾಗಲೇ ಗಾಳಿ ತಾಗಿ ಅದು ಕೆಡುತ್ತದೆ. ರೋಗಿಯ ಹಾನಿ ಎಂದು ಬರೆದುಕೊಂಡದ್ದರಲ್ಲಿ ಬಹುಪಾಲು ಸಂಶೋಧಕನ ಕೊಡುಗೆ.

ಐಸೋಪ್ರೋಸ್ಟೇನ್ ಕತೆ ಸ್ವಲ್ಪ ಗೌರವಸ್ಥ. 1990ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಮಾರೋ ಮತ್ತು ರಾಬರ್ಟ್ಸ್ ಕಂಡುಹಿಡಿದ ಈ ವಸ್ತುವನ್ನು ಈ ಗುಂಪಿನಲ್ಲೇ ಹೆಚ್ಚು ನಂಬಿಕಸ್ಥ ಎನ್ನುತ್ತಾರೆ. ಅಲ್‌ಝೈಮರ್ ರೋಗಿಗಳ ದ್ರವದಲ್ಲಿ ಅದು ಏರಿರುತ್ತದೆ ಎಂಬುದನ್ನು ಒಂದಕ್ಕಿಂತ ಹೆಚ್ಚು ತಂಡಗಳು ತೋರಿಸಿವೆ. ಆದರೆ ಅದಕ್ಕೂ ನಖರಾ ಇದೆ. ರಕ್ತದ ಮಾದರಿಯನ್ನು ಮೈನಸ್ 80 ಡಿಗ್ರಿಯಲ್ಲಿ ಇಡದೆ ಮೈನಸ್ 20ರ ಡೀಪ್ ಫ್ರೀಜರಿನಲ್ಲಿ ಇಟ್ಟರೆ ಒಳಗೆ ಕೂತಲ್ಲೇ ಹೊಸ ಐಸೋಪ್ರೋಸ್ಟೇನ್ ಹುಟ್ಟುತ್ತದೆ. ಬೆಸ್ಕಾಂನವರು ಬೇಸಿಗೆಯಲ್ಲಿ ಎರಡು ತಾಸು ಕರೆಂಟು ತೆಗೆದರೆ ಊರಿಗೂರೇ ಅಲ್‌ಝೈಮರ್ ಎಂದು ವರದಿ ಬಂದೀತು. ಅದೂ ಸಾಲದೆಂಬಂತೆ ಬೀಡಿ ಸೇದಿದರೂ, ಸಕ್ಕರೆ ಕಾಯಿಲೆ ಇದ್ದರೂ, ಬೊಜ್ಜು ಬೆಳೆದರೂ ದೇಹದಲ್ಲಿ ಅದು ಏರುತ್ತದೆ. ಯಾರು ಕೇಳಿದರೂ ‘ಹೌದು’ ಎನ್ನುವ ಸಾಕ್ಷಿಯನ್ನು ಕಟಕಟೆಯಲ್ಲಿ ನಿಲ್ಲಿಸಿಕೊಂಡು ಕೊಲೆಗಾರ ಯಾರು ಎಂದು ತೀರ್ಮಾನಿಸುವುದು ಹೇಗೆ? ಅದಕ್ಕಿಂತ ದೊಡ್ಡ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಈ ಕೊಬ್ಬು ಕೆಟ್ಟಿದ್ದರಿಂದ ನರಕೋಶ ಸತ್ತಿತೋ, ನರಕೋಶ ಸತ್ತಿದ್ದರಿಂದ ಕೊಬ್ಬು ಕೆಟ್ಟಿತೋ?

ಪ್ರೋಟೀನು ಕೆಟ್ಟಿದ್ದನ್ನು ತೋರಿಸುವ ಸೂಚಕವಾದ ನೈಟ್ರೋಟೈರೊಸೀನ್‌ನ ಕತೆಯನ್ನಂತೂ ಯಾರಾದರೂ ಪ್ರಹಸನ ಮಾಡಬೇಕು. ಹೆಚ್ಚಾಗಿ ಕೈಕಾಲಿನ ಸ್ನಾಯುಗಳಿಂದ ಶುರುವಾಗಿ ಕೊನೆಗೆ ಉಸಿರಾಟವನ್ನೂ ನಿಲ್ಲಿಸುವ ಎಎಲ್‌ಎಸ್ ಎಂಬ ಕ್ರೂರ ರೋಗವಿದೆಯಲ್ಲ, ಅದರ ರೋಗಿಗಳ ಬೆನ್ನುದ್ರವದಲ್ಲಿ ಈ ನೈಟ್ರೋಟೈರೊಸೀನ್ ಬಹಳ ಏರಿದೆ ಎಂದು 1999ರಲ್ಲಿ ಜಪಾನಿನ ತಂಡವೊಂದು ಪ್ರಕಟಿಸಿತು. 2004ರಲ್ಲಿ ಸ್ವೀಡನ್ನಿನವರು ಹೆಚ್ಚು ಸೂಕ್ಷ್ಮ ಯಂತ್ರ ಹಿಡಿದು ನೋಡಿ, ಬಹುಪಾಲು ರೋಗಿಗಳಲ್ಲಿ ಏರಿಲ್ಲವಲ್ಲ ಎಂದರು. ಮಾದರಿಗೆ ಆಮ್ಲ ಹಾಕಿದರೆ ಅದರಲ್ಲಿರುವ ನೈಟ್ರೈಟು ಸೇರಿಕೊಂಡು ಕೊಳವೆಯಲ್ಲೇ ಈ ವಸ್ತು ತಯಾರಾಗಬಹುದು ಎಂಬುದೂ ತಿಳಿದ ವಿಷಯವೇ. ಇಷ್ಟಾದ ಮೇಲೆ 2006ರಲ್ಲಿ ಎಡರಾವೋನ್ ಎಂಬ ಆಂಟಿ ಆಕ್ಸಿಡೆಂಟ್ ಔಷಧವನ್ನು ಆರು ತಿಂಗಳು ಕೊಟ್ಟ ಜಪಾನಿನ ಸಣ್ಣ ಅಧ್ಯಯನವೊಂದು ಹೇಳಿತು: ದ್ರವದಲ್ಲಿದ್ದ ನೈಟ್ರೋಟೈರೊಸೀನ್ ಹೆಚ್ಚುಕಡಿಮೆ ಮಾಯ! ಏರಿದೆಯೋ ಇಲ್ಲವೋ ಎಂದೇ ತಕರಾರಿರುವ ಅಂಕಿಯನ್ನು ಸೊನ್ನೆಗೆ ಇಳಿಸಿದ ಕೀರ್ತಿ ವಿಜ್ಞಾನದ ಚರಿತ್ರೆಯಲ್ಲಿ ಇನ್ನಾರಿಗಿದೆ?

ಆ ಎಡರಾವೋನ್‌ಗೆ 2015ರಲ್ಲಿ ಜಪಾನ್, 2017ರಲ್ಲಿ ಅಮೆರಿಕ ಎಎಲ್‌ಎಸ್ ಔಷಧವೆಂದು ಒಪ್ಪಿಗೆ ಕೊಟ್ಟವು. ಕೊಟ್ಟಿದ್ದು ಅಂಕಿ ನೋಡಿ ಅಲ್ಲ; 137 ಮಂದಿಯ, 24 ವಾರಗಳ ಪ್ರಯೋಗದಲ್ಲಿ 48 ಅಂಕಗಳ ಮಾಪಕದಲ್ಲಿ ಕಂಡ ಸುಮಾರು ಎರಡೂವರೆ ಅಂಕಗಳ ವ್ಯತ್ಯಾಸ ನೋಡಿ. ಬೇರೇನೂ ದಾರಿ ಇಲ್ಲದವರಿಗೆ ಎರಡೂವರೆ ಅಂಕವೂ ದೊಡ್ಡದೇ, ಅದನ್ನು ನಾನು ಗೇಲಿ ಮಾಡುವುದಿಲ್ಲ. ಆದರೆ ಬಾಯಿಂದ ಕೊಡುವ ಎಡರಾವೋನ್‌ನ ದೊಡ್ಡ ಪ್ರಯೋಗ ಯುರೋಪಿನಲ್ಲಿ ನಡೆದು, 2024ರಲ್ಲಿ ಫಲಿತಾಂಶ ಬಂದಾಗ ಆ ವ್ಯತ್ಯಾಸವೂ ಕಾಣಲಿಲ್ಲ.

ಎಎಲ್‌ಎಸ್‌ನಲ್ಲಿ ಇನ್ನೂ ಒಂದು ಸ್ವಾರಸ್ಯ. 1993ರಲ್ಲಿ ಎಸ್‌ಒಡಿ1 ಎಂಬ ಜೀನಿನ ದೋಷದಿಂದ ಕೆಲವು ಮನೆತನಗಳಲ್ಲಿ ಈ ರೋಗ ಬರುತ್ತದೆ ಎಂದು ತಿಳಿಯಿತು. ಪುಂಡ ಕಣಗಳನ್ನು ಹದ್ದುಬಸ್ತಿನಲ್ಲಿಡುವ ಕಿಣ್ವವನ್ನು ಮಾಡುವ ಜೀನೇ ಅದು. ಸಿಕ್ಕಿಬಿದ್ದ ಕಳ್ಳ! ಪೊಲೀಸು ಕೆಲಸ ಬಿಟ್ಟಿದ್ದಾನೆ, ಅದಕ್ಕೇ ಊರು ಲೂಟಿ ಎಂದು ಎಲ್ಲರೂ ಕುಣಿದಾಡಿದರು. ಆಮೇಲೆ ಇಲಿಗಳಲ್ಲಿ ಆ ಜೀನನ್ನು ಪೂರ್ತಿ ತೆಗೆದೇ ನೋಡಿದರು. ಇಲಿಗಳಿಗೆ ಎಎಲ್‌ಎಸ್ ಬರಲಿಲ್ಲ. ಕಿಣ್ವ ಸರಿಯಾಗಿ ಕೆಲಸ ಮಾಡುತ್ತಿದ್ದೂ ರೂಪ ಕೆಟ್ಟ ಜೀನು ಹೊತ್ತ ಇಲಿಗಳಿಗೆ ಬಂತು. ತೊಂದರೆ ಇದ್ದದ್ದು ಕೆಟ್ಟು ಮುದುರಿದ ಪ್ರೋಟೀನಿನಲ್ಲಿ. ಕಣ್ಣಿಗೆ ಕಂಡ ಮೊದಲ ಕಾರಣವನ್ನು ಅಪ್ಪಿಕೊಂಡು ಮಲಗಬಾರದು ಎಂದು ಇಲಿಗಳೇ ಕಲಿಸಿದ ಪಾಠ ಅದು. ಕಲಿತವರು ಜೀನನ್ನೇ ಅದುಮುವ ಔಷಧದತ್ತ ಹೋದರು. ಉಳಿದವರು ಇನ್ನೊಂದು ಡಬ್ಬಿ ವಿಟಮಿನ್ ತರಿಸಿದರು.

ಯೂರಿಕ್ ಆಮ್ಲದ ಪ್ರಸಂಗ ಬಿಟ್ಟರೆ ಈ ಅಂಕಣ ಪೂರ್ತಿಯಾಗುವುದಿಲ್ಲ. ನಮ್ಮಲ್ಲಿ ಕಾಲಿನ ಹೆಬ್ಬೆರಳು ಊದಿಕೊಂಡವರಿಗೆ ‘ಯೂರಿಕ್ ಆಸಿಡ್ ಜಾಸ್ತಿ ಇದೆ, ಮಟನ್ ಲಿವರ್ ಬಿಡಿ, ಬಿಯರ್ ಬಿಡಿ’ ಎಂದು ಬೈದು ಕಳಿಸುತ್ತಾರಲ್ಲ, ಅದು ದೇಹದ ದೊಡ್ಡ ಆಂಟಿ ಆಕ್ಸಿಡೆಂಟುಗಳಲ್ಲಿ ಒಂದು. ಅಮೆರಿಕ, ಕೆನಡಾಗಳಲ್ಲಿ 1987ರಲ್ಲಿ ಶುರುವಾದ ಡೇಟಾಟಾಪ್ ಎಂಬ ಪ್ರಯೋಗದಲ್ಲಿ 800 ಮಂದಿ ಪಾರ್ಕಿನ್ಸನ್ ರೋಗಿಗಳಿದ್ದರು; ಕೆಲವರಿಗೆ ದಿನಕ್ಕೆ 2000 ಯೂನಿಟ್ ವಿಟಮಿನ್ ಇ ಕೊಟ್ಟಿದ್ದರು. 1993ರಲ್ಲಿ ಪೂರ್ಣ ಲೆಕ್ಕ ಹೊರಬಂತು: ವಿಟಮಿನ್‌ನಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಆದರೆ ಆಗ ತೆಗೆದ ಬೆನ್ನುದ್ರವವನ್ನು ಫ್ರೀಜರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಹೆಚ್ಚುಕಡಿಮೆ ಇಪ್ಪತ್ತು ವರ್ಷದ ಮೇಲೆ ಅದನ್ನು ಕರಗಿಸಿ ನೋಡಿದರೆ, ದ್ರವದಲ್ಲಿ ಯೂರೇಟ್, ಅಂದರೆ ಅದೇ ಯೂರಿಕ್ ಆಮ್ಲ, ಹೆಚ್ಚಿದ್ದವರ ರೋಗ ನಿಧಾನವಾಗಿ ಮುಂದುವರಿದಿತ್ತು. ಕಡೆಗೂ ಒಂದು ಸೂಚಕ ಬಾಯಿ ಬಿಟ್ಟಿತು!

ಮುಂದಿನದು ಊಹಿಸಬಹುದು. ಯೂರೇಟ್ ಏರಿಸುವ ಇನೋಸೀನ್ ಗುಳಿಗೆಯನ್ನು 298 ಮಂದಿಯ ಪ್ರಯೋಗಕ್ಕೆ ತಂದರು. ಅಂಕಿ ಆಜ್ಞಾಧಾರಕನಾಗಿ ಏರಿತು. ಪಾರ್ಕಿನ್ಸನ್ ತನ್ನ ಪಾಡಿಗೆ ತಾನು ನಡೆಯಿತು. ಪ್ರಯೋಜನ ಕಾಣುವ ಲಕ್ಷಣವೇ ಇಲ್ಲವೆಂದು ಅವಧಿಗೆ ಮುಂಚೆಯೇ ನಿಲ್ಲಿಸಿದರು. 2021ರಲ್ಲಿ ವರದಿ ಬಂತು. ಗುಳಿಗೆ ನುಂಗಿದವರಲ್ಲಿ ಕೆಲವರಿಗೆ ಬರೀ ಕೈಯಲ್ಲಿ ಹೋಗಬೇಡಿ ಎಂದು ಕಿಡ್ನಿಯಲ್ಲಿ ಕಲ್ಲು ಸಿಕ್ಕಿತು.

ಉಳಿದವುಗಳದ್ದು ಬೇಗ ಮುಗಿಸುತ್ತೇನೆ. ಕೋಎಂಜೈಮ್ ಕ್ಯೂ 10ನ್ನು 600 ಪಾರ್ಕಿನ್ಸನ್ ರೋಗಿಗಳ ಪ್ರಯೋಗದಲ್ಲಿ ಕೊಟ್ಟು ನೋಡಿದರು, ಫಲವಿಲ್ಲ. ಹಂಟಿಂಗ್‌ಟನ್ ರೋಗದ 609 ಮಂದಿಯ ಪ್ರಯೋಗದಲ್ಲಿ ಕೊಟ್ಟು ನೋಡಿದರು, ಫಲವಿಲ್ಲ. ಮರೆವು ಆಗತಾನೆ ಶುರುವಾದ 769 ಮಂದಿಯ ಪ್ರಯೋಗದಲ್ಲಿ ವಿಟಮಿನ್ ಇ, 2005ರಲ್ಲಿ ಫಲಿತಾಂಶ, ಫಲವಿಲ್ಲ. ನ್ಯಾಯಕ್ಕೆ ಹೇಳಬೇಕಾದ್ದು, 2014ರಲ್ಲಿ ಅಮೆರಿಕದ 613 ಮಾಜಿ ಸೈನಿಕರ ಮೇಲೆ ನಡೆದ ಪ್ರಯೋಗದಲ್ಲಿ ವಿಟಮಿನ್ ಇ ಪಡೆದವರ ದಿನನಿತ್ಯದ ಚಟುವಟಿಕೆ ಸ್ವಲ್ಪ ನಿಧಾನವಾಗಿ ಕುಂದಿತು. ಆ ‘ಸ್ವಲ್ಪ’ವನ್ನು ಹಿಡಿದುಕೊಂಡು ವಿಟಮಿನ್ ಇ ಇನ್ನೂ ಕೆಲವರ ಚೀಟಿಯಲ್ಲಿ ಉಳಿದಿದೆ. ಫಿನ್‌ಲೆಂಡಿನ 29,133 ಧೂಮಪಾನಿಗಳಲ್ಲಿ ಬೀಟಾ ಕ್ಯಾರೋಟಿನ್ ನುಂಗಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚೇ ಬಂದದ್ದು 1994ರ ಸುದ್ದಿ. ಈ ಸುದ್ದಿ ನಮ್ಮ ಮೆಡಿಕಲ್ ಶಾಪುಗಳಿಗೆ ಇನ್ನೂ ತಲುಪಿಲ್ಲ, ದಾರಿಯಲ್ಲಿರಬೇಕು.

ಇಷ್ಟಕ್ಕೂ ನಾವು ಯಾರಿಗೆ ಕಮ್ಮಿ? ನಮ್ಮ ವಿಶ್ವವಿದ್ಯಾಲಯಗಳ ಬಯೋಕೆಮಿಸ್ಟ್ರಿ ಲ್ಯಾಬಿಗೆ ಬನ್ನಿ. ಮಧ್ಯಾಹ್ನ ಮೂರರ ಹೊತ್ತು, ವಾಟರ್ ಬಾತ್ ಕೊತಕೊತ ಕುದಿಯುತ್ತಿದೆ. ರಂಧ್ರ ರಂಧ್ರದ ಸ್ಟ್ಯಾಂಡಿನಲ್ಲಿ ಸಾಲು ಟೆಸ್ಟ್‌ಟ್ಯೂಬು, ಒಳಗೆ ಇಲಿಯ ಮಿದುಳಿನ ರಸ ಮತ್ತು ಥಯೋಬಾರ್ಬಿಟ್ಯೂರಿಕ್ ಆಮ್ಲ. ಸ್ವಲ್ಪ ಹೊತ್ತಿನಲ್ಲಿ ದ್ರಾವಣ ಮೆಲ್ಲಗೆ ಗುಲಾಬಿಗೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ಮಲೋನ್‌ಡೈಆಲ್ಡಿಹೈಡ್ ಜಾಸ್ತಿ, ಅಂದರೆ ಕೊಬ್ಬು ಕೆಟ್ಟಿರುವುದು ಜಾಸ್ತಿ. ಸಂಶೋಧನಾ ವಿದ್ಯಾರ್ಥಿನಿ ಅದನ್ನು 532 ನ್ಯಾನೋಮೀಟರಿನಲ್ಲಿ ಓದಿ ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುತ್ತಾಳೆ. ಸಕ್ಕರೆ ಇದ್ದರೂ ಆ ಬಣ್ಣ ಬರಬಹುದು, ಬಿಲಿರುಬಿನ್ ಇದ್ದರೂ ಬರಬಹುದು, ಕುದಿಸುವಾಗಲೇ ಇದ್ದ ಕೊಬ್ಬು ಕೆಟ್ಟು ಬರಬಹುದು. ಅವಳಿಗೂ ಗೊತ್ತು, ಗೈಡಿಗೂ ಗೊತ್ತು, ವೈವಾಕ್ಕೆ ಬರುವವರಿಗೂ ಗೊತ್ತು. ಆದರೆ ಆ ಪುಡಿ ಅಗ್ಗ, ಬಣ್ಣ ಚೆಂದ. ಫೆಲೋಶಿಪ್ ಬಂದು ನಾಲ್ಕು ತಿಂಗಳಾಗಿದೆ.

ಪಕ್ಕದ ಟೇಬಲ್ಲಿನಲ್ಲಿ ಡಿಪಿಪಿಎಚ್ ನಡೆಯುತ್ತಿದೆ. ಇದು ಯಾವ ಪ್ರಾಣಿಯ ದೇಹದಲ್ಲೂ ಇಲ್ಲದ, ಕಾರ್ಖಾನೆಯಲ್ಲಿ ತಯಾರಾದ ಒಂದು ರ‍್ಯಾಡಿಕಲ್. ನೇರಳೆ ಬಣ್ಣದ್ದು. ಯಾವುದಾದರೂ ಸೊಪ್ಪಿನ ರಸ ಹಾಕಿದರೆ ಹಳದಿಯಾಗುತ್ತದೆ. ನುಗ್ಗೆ ಸೊಪ್ಪು ಹಾಕಿದರೂ ಹಳದಿ, ದಾಸವಾಳ ಹಾಕಿದರೂ ಹಳದಿ, ಒಂದೆಲಗ ಹಾಕಿದರೂ ಹಳದಿ. ಚಹಾ ಸುರಿದರೂ ಹಳದಿಯೇ, ಆದರೆ ಚಹಾದ ಮೇಲೆ ಪಿಎಚ್‌.ಡಿ. ಮಾಡಿದರೆ ಊರಲ್ಲಿ ಮರ್ಯಾದೆ ಇರುವುದಿಲ್ಲ. ಹೀಗಾಗಿ ಪಶ್ಚಿಮಘಟ್ಟದಲ್ಲಿ ಬೆಳೆದ ಪ್ರತಿ ಎಲೆಯೂ ‘ಪ್ರಬಲ ಆಂಟಿ ಆಕ್ಸಿಡೆಂಟ್ ಗುಣ ಹೊಂದಿದೆ’ ಎಂಬ ಸರ್ಟಿಫಿಕೇಟ್ ಪಡೆಯುತ್ತ ಬಂದಿದೆ. ಇಲ್ಲಿ ನಪಾಸಾಗುವ ಗಿಡವೇ ಇಲ್ಲ. ಅಮೆರಿಕದ ಕೃಷಿ ಇಲಾಖೆ ಆಹಾರಗಳ ಆಂಟಿ ಆಕ್ಸಿಡೆಂಟ್ ಅಂಕಗಳ ಪಟ್ಟಿಯೊಂದನ್ನು ಇಟ್ಟುಕೊಂಡಿತ್ತು. ಕೊಳವೆಯ ಅಂಕಕ್ಕೂ ದೇಹದ ಆರೋಗ್ಯಕ್ಕೂ ಸಂಬಂಧ ಸಾಬೀತಾಗಿಲ್ಲ, ವ್ಯಾಪಾರಿಗಳು ದುರುಪಯೋಗ ಮಾಡುತ್ತಿದ್ದಾರೆ ಎಂದು 2012ರಲ್ಲಿ ಅದನ್ನೇ ತೆಗೆದುಹಾಕಿತು. ನಾವು ಅಷ್ಟು ನಿಷ್ಕರುಣಿಗಳಲ್ಲ. ಒಂದೆಲಗದ ತಂಬುಳಿ ತನ್ನ ರುಚಿಯಿಂದಲೇ ಬದುಕಬಲ್ಲದು, ಪಾಪ, ಅದಕ್ಕೂ ಐಸಿ50 ಎಂಬ ಕೊಳವೆಯ ಅಂಕ ಕಟ್ಟಿದ್ದೇವೆ.

ಈ ಎಲ್ಲ ನದಿಗಳೂ ಕೊನೆಗೆ ಸೇರುವುದು ಡಾಕ್ಟರ ಚೀಟಿಯನ್ನು. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಅವರಲ್ಲಿ ಒಬ್ಬ ಅಜ್ಜ ಮಗನ ಜೊತೆ ಜಿಲ್ಲಾ ಕೇಂದ್ರದ ಕ್ಲಿನಿಕ್ಕಿನಲ್ಲಿ ಕೂತಿದ್ದಾರೆ ಎಂದುಕೊಳ್ಳಿ. ಡಾಕ್ಟರು ತಿಳಿದವರು. ಬಿ12 ನೋಡಬೇಕು, ಥೈರಾಯ್ಡ್ ನೋಡಬೇಕು, ಬಿಪಿ ಹಿಡಿತದಲ್ಲಿರಬೇಕು, ಕಿವಿ ಕೇಳದಿದ್ದರೆ ಮಷೀನು ಹಾಕಿಸಬೇಕು ಎನ್ನುತ್ತಾರೆ. ಮರೆವಿನ ರೋಗವನ್ನು ಮುಂದೂಡಬಹುದಾದ 14 ಅಂಶಗಳ ಪಟ್ಟಿಯನ್ನು 2024ರಲ್ಲಿ ಲ್ಯಾನ್ಸೆಟ್ ಆಯೋಗ ಕೊಟ್ಟಿತು. ಅದರಲ್ಲಿ ಕಿವಿ ಇದೆ, ಕಣ್ಣಿದೆ, ಬಿಪಿ ಇದೆ, ಶಾಲೆ ಇದೆ, ಒಂಟಿತನ ಇದೆ. ಕ್ಯಾಪ್ಸೂಲ್ ಇಲ್ಲ.

ಡಾಕ್ಟರು ಎರಡು ಸಾಲು ಬರೆದು ಪೆನ್ನಿನ ಟೋಪಿ ಹಾಕುತ್ತಾರೆ. ಮಗ ಏಳುವುದಿಲ್ಲ.

‘ಅಷ್ಟೇನಾ ಸರ್?’

‘ಅಷ್ಟೇ.’

‘ಬ್ರೇನಿಗೆ ಶಕ್ತಿ ಬರೋಕೆ ಏನಾದ್ರೂ... ನಮ್ಮ ಷಡ್ಡಕನ ತಂದೆಗೆ ಕೆಂಪುದೊಂದು ಬರೀತಾರೆ ಸರ್, ಮೆತ್ತಗಿರುತ್ತೆ.’

ಐನೂರು ರೂಪಾಯಿ ಫೀಸು ಕೊಟ್ಟು ಎರಡೇ ಸಾಲಿನ ಚೀಟಿ ತೆಗೆದುಕೊಂಡು ಹೋದರೆ ಮನೆಯಲ್ಲಿ ಹೆಂಗಸರು ಏನಂದಾರು? ಡಾಕ್ಟರು ಟೋಪಿ ತೆಗೆದು ಮೂರನೇ ಸಾಲು ಬರೆಯುತ್ತಾರೆ. ಲೈಕೋಪೀನ್, ಸೆಲೆನಿಯಂ, ಗ್ರೀನ್ ಟೀ ಸಾರ, ಕೋಎಂಜೈಮ್ ಕ್ಯೂ ಎಲ್ಲ ಸೇರಿದ ಕೆಂಪು ಕ್ಯಾಪ್ಸೂಲ್. ಕಿವಿ ಮಷೀನು ‘ಮುಂದಿನ ತಿಂಗಳು ನೋಡೋಣ’ಕ್ಕೆ ಹೋಗುತ್ತದೆ. ಅಜ್ಜನಿಗೆ ಈ ಮಾತುಕತೆ ಕೇಳಿಸಿರುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ಆರೋಗ್ಯ ಇಲಾಖೆಗೆ ನನ್ನದೊಂದು ಸಲಹೆ. ರೋಗಿಗಳನ್ನು ಗುಣಪಡಿಸುವುದು ಕಷ್ಟ, ದುಬಾರಿ, ಮೇಲಾಗಿ ಅವರು ಸಹಕರಿಸುವುದಿಲ್ಲ. ಅಂಕಿಗಳು ಹಾಗಲ್ಲ, ಕರೆದಾಗ ಬರುತ್ತವೆ, ಹೇಳಿದಾಗ ಇಳಿಯುತ್ತವೆ. ಆದ್ದರಿಂದ ಇನ್ನು ಮುಂದೆ ರೋಗಿಗಳ ಬದಲು ಅವರ ಬೆನ್ನಿನ ನೀರಿನ ಟ್ಯೂಬುಗಳನ್ನೇ ಒಳರೋಗಿಗಳಾಗಿ ದಾಖಲಿಸಿಕೊಳ್ಳಬೇಕು. ಮೈನಸ್ 80ರ ವಾರ್ಡು, ನೂರು ಟ್ಯೂಬಿಗೊಬ್ಬರು ನರ್ಸು, ಊಟದ ಖರ್ಚಿಲ್ಲ, ಸಂಬಂಧಿಕರ ಗಲಾಟೆಯಿಲ್ಲ. ಟ್ಯೂಬಿಗೇ ನೇರವಾಗಿ ವಿಟಮಿನ್ ಹನಿಸಿದರೆ ಐಸೋಪ್ರೋಸ್ಟೇನ್ ಇನ್ನೂ ಬೇಗ ಇಳಿದೀತು. ಗುಣಮುಖರ ಪ್ರಮಾಣದಲ್ಲಿ ರಾಜ್ಯ ಒಂದೇ ವರ್ಷದಲ್ಲಿ ದೇಶಕ್ಕೆ ಮೊದಲು. ಡಿಸ್ಚಾರ್ಜ್ ಪತ್ರದ ನಮೂನೆಯನ್ನೂ ನಾನೇ ಸಿದ್ಧಪಡಿಸಿದ್ದೇನೆ: ‘ಸದರಿ ಮಾದರಿಯ ಸ್ಥಿತಿ ತೃಪ್ತಿಕರವಾಗಿದ್ದು, ಶೇ. 19ರಷ್ಟು ಸುಧಾರಣೆ ಕಂಡುಬಂದಿರುತ್ತದೆ. ಮಾದರಿಯನ್ನು ಮನೆಗೆ ಕರೆದೊಯ್ಯಬಹುದು. ಅದರ ಜೊತೆ ಬಂದಿದ್ದ ವೃದ್ಧರ ಬಗ್ಗೆ ಪ್ರತ್ಯೇಕ ಅರ್ಜಿಯನ್ನು ದ್ವಿಪ್ರತಿಯಲ್ಲಿ ಸಲ್ಲಿಸತಕ್ಕದ್ದು.’